ಆಲ್ಬ್ರೆಕ್ಟ್ ಫಾನ್ ಹಾಲರ್

ಆಲ್ಬ್ರೆಕ್ಟ್ ಫಾನ್ ಹಾಲರ್ (16 ಅಕ್ಟೋಬರ್ 1708 – 12 ಡಿಸೆಂಬರ್ 1777) ಸ್ವಿಟ್ಜರ್ಲೆಂಡಿನ ಅಂಗರಚನಾವಿಜ್ಞಾನಿ, ಶರೀರಕ್ರಿಯಾವಿಜ್ಞಾನಿ, ಸಸ್ಯವಿಜ್ಞಾನಿ ಮತ್ತು ಕವಿ. ಮಾನವ ದೇಹದ ಅಪಧಮನಿಗಳ ಹಾದಿಯನ್ನು ಅನೇಕ ಶವಗಳಲ್ಲಿ ಮತ್ತೆ ಮತ್ತೆ ಬಿಡಿಸಿ ನೋಡಿ, ಅವುಗಳ ವಿವರವಾದ ಚಿತ್ರಗಳನ್ನು ಪ್ರಕಟಿಸಿದ. ಹೊಟ್ಟೆಯ ಮೇಲ್ಭಾಗದಲ್ಲಿ ಮಹಾಪಧಮನಿಯಿಂದ ಹೊರಡುವ ಸೀಲಿಯಾಕ್ ಕಾಂಡವು ಮೂರು ಕವಲಾಗುವ ರೀತಿಯನ್ನು ಈತ ವರ್ಣಿಸಿದ್ದರಿಂದ ಆ ಕವಲಿಗೆ ಇಂದಿಗೂ ಹಾಲರನ ತ್ರಿಪಾದ ಎಂಬ ಹೆಸರಿದೆ. ಯಕೃತ್ತು, ಜಠರ, ಮೇದೋಜೀರಕಾಂಗಗಳ ಶಸ್ತ್ರಚಿಕಿತ್ಸೆಯಲ್ಲಿ ಈ ಕವಲೂ ಅದರ ವ್ಯತ್ಯಾಸಗಳೂ ಬಹಳ ಮುಖ್ಯ. ಆದರೆ ಹದಿನೇಳು ವರ್ಷ ಶಸ್ತ್ರವೈದ್ಯದ ಪ್ರಾಧ್ಯಾಪಕನಾಗಿದ್ದ ಹಾಲರ್ ಜೀವಂತ ಮನುಷ್ಯನ ಮೇಲೆ ಒಮ್ಮೆಯೂ ಕತ್ತಿ ಆಡಿಸಲಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಾಲರ್ ಹುಟ್ಟಿದ್ದು ಬರ್ನ್ ನಗರದಲ್ಲಿ. ತಂದೆ ನಿಕ್ಲಾಸ್ ಎಮಾನ್ಯುಯೆಲ್ ಹಾಲರ್ ವಕೀಲ. ತಾಯಿ ಬೇಗನೆ ತೀರಿಕೊಂಡಳು. ಬಾಲಕ ಸದಾ ಕಾಯಿಲೆಯವನಾಗಿದ್ದು ಆಟಪಾಟಗಳಿಂದ ದೂರ ಉಳಿದ; ಓದೇ ಅವನ ಆಟವಾಯಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಗ್ರೀಕ್ ಮತ್ತು ಹೀಬ್ರೂ ಶಬ್ದಗಳ ಪಟ್ಟಿಯನ್ನೂ ಕಾಲ್ಡಿಯನ್ ಭಾಷೆಯ ಒಂದು ವ್ಯಾಕರಣವನ್ನೂ ತನ್ನ ಉಪಯೋಗಕ್ಕಾಗಿ ಬರೆದುಕೊಂಡಿದ್ದನೆಂದು ಜೀವನಚರಿತ್ರೆಗಳು ಹೇಳುತ್ತವೆ. ಇಂತಹ ಬಾಲಪ್ರತಿಭೆಯ ಕಥೆಗಳಲ್ಲಿ ಉತ್ಪ್ರೇಕ್ಷೆ ಸಹಜ. ಆದರೂ ಓದಿದ್ದನ್ನೆಲ್ಲ ಪಟ್ಟಿಮಾಡಿ ಒಪ್ಪವಾಗಿಡುವ ಅಭ್ಯಾಸ ಈತನಲ್ಲಿ ಕೊನೆಯವರೆಗೂ ಉಳಿದದ್ದು ನಿಜ.

ತಂದೆ 1721ರಲ್ಲಿ ತೀರಿಕೊಂಡ ಬಳಿಕ ಬೀಲ್ ಪಟ್ಟಣದ ವೈದ್ಯನೊಬ್ಬನ ಮನೆಯಲ್ಲಿದ್ದಾಗ ವೈದ್ಯವನ್ನು ಕಲಿಯುವ ನಿರ್ಧಾರ ಗಟ್ಟಿಯಾಯಿತು. 1723ರ ಕೊನೆಯಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು ಸೇರಿದ. ಅಲ್ಲಿ ಗುರುವಾಗಿದ್ದ ಡ್ಯುವೆರ್ನುವಾ ಅಂಗಛೇದನದ ಮೊದಲ ಪಾಠಗಳನ್ನು ಹೇಳಿಕೊಟ್ಟ. ಶವಗಳ ಕೊರತೆಯಿದ್ದ ಆ ಊರಿನಲ್ಲಿ ತೃಪ್ತಿ ಕಾಣದೆ 1725ರಲ್ಲಿ ಹಾಲೆಂಡಿನ ಲೈಡನ್‌ಗೆ ಹೋದ. ಆಗ ಯೂರೋಪಿನಲ್ಲೆಲ್ಲ ಹೆಸರಾಗಿದ್ದ ಹೆರ್ಮಾನ್ ಬೂರ್ಹಾವೆ ಅಲ್ಲಿ ವೈದ್ಯವನ್ನೂ, ಬರ್ನ್‌ಹಾರ್ಡ್ ಸೀಗ್‌ಫ್ರೀಡ್ ಆಲ್ಬಿನಸ್ ಅಂಗರಚನೆಯನ್ನೂ ಬೋಧಿಸುತ್ತಿದ್ದರು. ಆಮ್‌ಸ್ಟರ್‌ಡಾಮಿನಲ್ಲಿ ವೃದ್ಧ ಫ್ರೆಡೆರಿಕ್ ರೌಷ್‌ನನ್ನೂ ಹಾಲರ್ ಭೇಟಿಯಾದ. ರಕ್ತನಾಳಗಳಿಗೆ ಬಣ್ಣದ ದ್ರವ ತುಂಬಿ ಗಟ್ಟಿಗೊಳಿಸಿ ಕೂದಲೆಳೆಯಂತಹ ಕವಲುಗಳನ್ನೂ ಕಣ್ಣಿಗೆ ಕಾಣಿಸುವ ವಿದ್ಯೆಯಲ್ಲಿ ರೌಷ್‌ಗೆ ಸಮಾನರಿರಲಿಲ್ಲ.

1727ರಲ್ಲಿ ಲೈಡನ್ನಿನಲ್ಲಿ ವೈದ್ಯ ಪದವಿ ಪಡೆದಾಗ ಹಾಲರ್‌ಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಹಾಲೆ ನಗರದ ಪ್ರಾಧ್ಯಾಪಕ ಕೋಶ್‌ವಿಟ್ಸ್ ನಾಲಗೆಯ ಬುಡದಲ್ಲಿ ಹೊಸದೊಂದು ಲಾಲಾನಾಳವನ್ನು ಕಂಡುಹಿಡಿದೆನೆಂದು ಸಾರಿದ್ದ. ಅದು ನಾಳವಲ್ಲ, ಕೇವಲ ಒಂದು ರಕ್ತನಾಳ ಎಂದು ಹಾಲರ್ ತನ್ನ ಪದವಿ ಪ್ರಬಂಧದಲ್ಲಿ ತೋರಿಸಿಕೊಟ್ಟ. ಹೀಗೆ ಈತನ ಮೊದಲ ಸಂಶೋಧನೆಯ ವಿಷಯವೂ ರಕ್ತನಾಳವೇ ಆಗಿತ್ತು.

ಪದವಿಯ ನಂತರ ಲಂಡನ್ನಿನಲ್ಲಿ ಹಾನ್ಸ್ ಸ್ಲೋನ್, ವಿಲಿಯಂ ಚೆಸೆಲ್ಡನ್ ಮೊದಲಾದವರನ್ನು ಕಂಡು, ಪ್ಯಾರಿಸ್ಸಿನಲ್ಲಿ ಲ ದ್ರಾನ್ ಎಂಬ ಶಸ್ತ್ರವೈದ್ಯನ ಮತ್ತು ವಿನ್‌ಸ್ಲೋ ಎಂಬ ಅಂಗರಚನಾವಿಜ್ಞಾನಿಯ ಬಳಿ ಕಲಿತ. ತಂಗಿದ್ದ ಮನೆಯಲ್ಲೇ ಶವವನ್ನಿಟ್ಟುಕೊಂಡು ಛೇದಿಸುತ್ತಿದ್ದುದರ ಮೇಲೆ ದೂರು ಹೋದ್ದರಿಂದ ಪ್ಯಾರಿಸ್ಸನ್ನು ತರಾತುರಿಯಲ್ಲಿ ಬಿಡಬೇಕಾಯಿತು. ಬಾಸೆಲ್ ನಗರದಲ್ಲಿ ಜೊಹಾನ್ ಬರ್ನೂಲಿಯ ಬಳಿ ಗಣಿತ ಕಲಿತು, ಅಲ್ಲಿನ ಅಂಗರಚನೆಯ ಅಧ್ಯಾಪಕನ ಬದಲಿಗೆ ಕೆಲಕಾಲ ಪಾಠವನ್ನೂ ಹೇಳಿದ.

ಆಲ್ಪ್ಸ್ ಪ್ರವಾಸ ಮತ್ತು ಕಾವ್ಯ

1728ರ ಬೇಸಗೆಯಲ್ಲಿ ಗೆಳೆಯ ಜೊಹಾನೆಸ್ ಗೆಸ್ನರ್ ಜೊತೆಗೆ ಹಾಲರ್ ಆಲ್ಪ್ಸ್ ಪರ್ವತಗಳಲ್ಲಿ ತಿರುಗಾಡಿದ. ಗಿಡಮೂಲಿಕೆಗಳನ್ನು ಸಂಗ್ರಹಿಸಲು ಹೊರಟ ಈ ಪ್ರವಾಸದ ಫಲವಾಗಿ ದೀ ಆಲ್ಪೆನ್ ಎಂಬ ದೀರ್ಘ ಕವನ ಹುಟ್ಟಿತು. ಹತ್ತು ಸಾಲಿನ 49 ಪದ್ಯಗಳ ಈ ಕೃತಿ 1732ರಲ್ಲಿ ಪ್ರಕಟವಾದ ಕವನಸಂಗ್ರಹದಲ್ಲಿ ಸೇರಿದೆ. ಅಲ್ಲಿಯತನಕ ಪರ್ವತವೆಂದರೆ ಭಯಂಕರವಾದ, ಉಪಯೋಗವಿಲ್ಲದ ಜಾಗವೆಂದು ಎಣಿಸುತ್ತಿದ್ದ ಓದುಗರಿಗೆ ಬೆಟ್ಟದ ಸೌಂದರ್ಯವನ್ನೂ ಬೆಟ್ಟದ ಜನರ ಸರಳ ಬದುಕನ್ನೂ ತೋರಿಸಿಕೊಟ್ಟ ಕೃತಿಯಿದು. ಜರ್ಮನ್ ಸಾಹಿತ್ಯಚರಿತ್ರೆಯಲ್ಲಿ ಹಾಲರನಿಗೆ ಸ್ಥಾನ ಸಿಕ್ಕಿರುವುದು ಮುಖ್ಯವಾಗಿ ಇದರಿಂದ.

1729ರಲ್ಲಿ ಬರ್ನ್‌ಗೆ ಹಿಂದಿರುಗಿ ವೈದ್ಯವೃತ್ತಿ ಆರಂಭಿಸಿದ. 1731ರಲ್ಲಿ ಮರಿಯಾನೆ ವಿಸ್‌ಳನ್ನು ಮದುವೆಯಾದ. ಊರಿನ ಆಸ್ಪತ್ರೆಯಲ್ಲಿ ಹುದ್ದೆ ದೊರೆಯಲಿಲ್ಲ. ಅಂಗಛೇದನಕ್ಕೆ ಒಂದು ಶಾಲೆಯನ್ನು ತೆರೆಯುವಂತೆ ನಗರಾಡಳಿತವನ್ನು ಒಪ್ಪಿಸಿದ. 1735ರಲ್ಲಿ ನಗರದ ಗ್ರಂಥಪಾಲಕನಾದ.

ಗಟ್ಟಿಂಗೆನ್ ವರ್ಷಗಳು

ಇಂಗ್ಲೆಂಡಿನ ದೊರೆ 2ನೇ ಜಾರ್ಜ್ ಜರ್ಮನಿಯ ಹಾನೋವರ್ ಸಂಸ್ಥಾನದ ಒಡೆಯನೂ ಆಗಿದ್ದ. ಆ ಸಂಸ್ಥಾನದ ಗಟ್ಟಿಂಗೆನ್‌ನಲ್ಲಿ ಹೊಸದಾಗಿ ಸ್ಥಾಪಿಸಿದ ವಿಶ್ವವಿದ್ಯಾಲಯದಲ್ಲಿ ಅಂಗರಚನೆ, ಶಸ್ತ್ರವೈದ್ಯ ಮತ್ತು ಸಸ್ಯವಿಜ್ಞಾನಗಳ ಪೀಠಕ್ಕೆ 1736ರಲ್ಲಿ ಹಾಲರನಿಗೆ ಕರೆ ಬಂತು. ಇಪ್ಪತ್ತೆಂಟನೆಯ ವಯಸ್ಸಿಗೆ ಇದು ದೊಡ್ಡ ಗೌರವ. ಆದರೆ ಸಂಸಾರಸಮೇತನಾಗಿ ಗಟ್ಟಿಂಗೆನ್ ತಲಪುವ ಹೊತ್ತಿಗೆ ಅಲ್ಲಿನ ಕೆಟ್ಟ ಬೀದಿಯಲ್ಲಿ ಗಾಡಿ ಮಗುಚಿ ಬಿದ್ದು ಮರಿಯಾನೆಗೆ ಪೆಟ್ಟಾಯಿತು. ಸ್ವಲ್ಪ ದಿನಗಳಲ್ಲೇ ಆಕೆ ತೀರಿಕೊಂಡಳು. ಆಕೆಯ ನೆನಪಿನಲ್ಲಿ ಬರೆದ ಶೋಕಗೀತೆ ಹಾಲರನ ಕವಿತೆಗಳಲ್ಲಿ ಅತ್ಯಂತ ಆಪ್ತವಾದುದು. 1739ರಲ್ಲಿ ಎಲಿಜಬೆತ್ ಬೂಖರ್‌ಳನ್ನು ಮದುವೆಯಾದ. ಮರುವರ್ಷವೇ ಆಕೆಯೂ ಹೆರಿಗೆಯ ಸಂದರ್ಭದಲ್ಲಿ ಸತ್ತಳು. 1741ರಲ್ಲಿ ಯೇನಾದ ಪ್ರಾಧ್ಯಾಪಕ ಟೈಖ್‌ಮಯರ್‌ನ ಮಗಳು ಸೋಫಿಯಾಳೊಂದಿಗೆ ಮೂರನೆಯ ವಿವಾಹವಾಯಿತು.

ದುಃಖವನ್ನು ಮರೆಯಲು ಕೆಲಸದಲ್ಲಿ ಮುಳುಗಿದನೆನ್ನಬಹುದು. ಹದಿನೇಳು ವರ್ಷಗಳಲ್ಲಿ ಗಟ್ಟಿಂಗೆನ್‌ನಲ್ಲಿ ಅಂಗಛೇದನ ಶಾಲೆ, ಸಸ್ಯೋದ್ಯಾನ, ಹೆರಿಗೆ ಶಾಲೆಗಳನ್ನು ಬೆಳೆಸಿದ. 1751ರಲ್ಲಿ ಅಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಘಕ್ಕೆ ಅಧ್ಯಕ್ಷನಾದ. ಗಟ್ಟಿಂಗೆನ್‌ನ ವಿಮರ್ಶಾಪತ್ರಿಕೆಗೆ ಈತ ಜೀವಮಾನದಲ್ಲಿ ಬರೆದ ಪುಸ್ತಕ ವಿಮರ್ಶೆಗಳು ಸುಮಾರು 9,000. ಊಟದ ಮೇಜಿನಲ್ಲೂ ಕುದುರೆಯ ಮೇಲೂ ಓದುತ್ತಿದ್ದನೆಂಬ ಮಾತು ಈ ಸಂಖ್ಯೆಯನ್ನು ನೋಡಿದರೆ ನಂಬುವಂತಿದೆ. 1749ರಲ್ಲಿ ಚಕ್ರವರ್ತಿ 1ನೇ ಫ್ರಾನ್ಸಿಸ್ ಈತನಿಗೆ ಕುಲೀನ ಪದವಿ ನೀಡಿದ. ಹೆಸರಿನೊಡನೆ ಫಾನ್ ಸೇರಿದ್ದು ಆಗ.

ಅಪಧಮನಿಗಳ ಅಧ್ಯಯನ

ಹಾಲರನ ಅಂಗರಚನಾ ಕಾರ್ಯದ ತಿರುಳು ಐಕೋನೆಸ್ ಅನಾಟಾಮಿಕೇ ಎಂಬ ಚಿತ್ರಸಂಪುಟದಲ್ಲಿದೆ. 1743ರಿಂದ 1756ರವರೆಗೆ ಎಂಟು ಭಾಗಗಳಾಗಿ ಹೊರಬಂದ ಈ ಗ್ರಂಥದಲ್ಲಿ ವಪೆ, ಗರ್ಭಕೋಶ, ಮಿದುಳುಬಳ್ಳಿ ಮೊದಲಾದವುಗಳ ಚಿತ್ರಗಳಿವೆ. ಆದರೆ ಹೆಚ್ಚಿನ ಪಾಲು ಅಪಧಮನಿಗಳಿಗೆ ಮೀಸಲು. ಮರಣದಂಡನೆಗೆ ಗುರಿಯಾದವರ ಮತ್ತು ದಿಕ್ಕಿಲ್ಲದ ಬಡವರ ಶವಗಳು ಚಳಿಗಾಲದ ತಿಂಗಳುಗಳಲ್ಲಿ ಗಟ್ಟಿಂಗೆನ್‌ನ ಶಾಲೆಗೆ ಬರುತ್ತಿದ್ದವು. ರಕ್ತನಾಳದೊಳಕ್ಕೆ ಬಣ್ಣದ ಮೇಣ ಹೊಗಿಸಿ, ಅದು ಗಟ್ಟಿಯಾದ ಮೇಲೆ ಸುತ್ತಲಿನ ಮಾಂಸವನ್ನೂ ಕೊಬ್ಬನ್ನೂ ಎಳೆಎಳೆಯಾಗಿ ಬಿಡಿಸಿ, ಚಿತ್ರಕಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸುವುದು ಆ ಕಾಲದ ಕ್ರಮ.

ಒಂದೇ ಶವವನ್ನು ನೋಡಿ ತೀರ್ಮಾನಿಸದಿರುವುದು ಹಾಲರನ ಕ್ರಮದ ವಿಶೇಷ. ಅದೇ ಭಾಗವನ್ನು ಹಲವು ದೇಹಗಳಲ್ಲಿ ಬಿಡಿಸಿ, ಹೆಚ್ಚಿನವುಗಳಲ್ಲಿ ಕಾಣುವ ಹಾದಿ ಯಾವುದು, ಅಪರೂಪಕ್ಕೆ ಕಾಣುವುದು ಯಾವುದು ಎಂದು ಹೋಲಿಸುತ್ತಿದ್ದ; ಕಂಡ ವ್ಯತ್ಯಾಸಗಳನ್ನು ಚಿತ್ರದ ಜೊತೆಗಿನ ವಿವರಣೆಯಲ್ಲಿ ದಾಖಲಿಸುತ್ತಿದ್ದ. ಗುರು ಆಲ್ಬಿನಸ್ 1747ರಲ್ಲಿ ಪ್ರಕಟಿಸಿದ ಅಸ್ಥಿ ಮತ್ತು ಸ್ನಾಯುಗಳ ಪ್ರಸಿದ್ಧ ಚಿತ್ರಪಟಗಳು ಕುಂದಿಲ್ಲದ ಆದರ್ಶ ದೇಹವೊಂದನ್ನು ಕಟ್ಟಿಕೊಡುತ್ತವೆ. ಮೂಳೆಯ ವಿಷಯದಲ್ಲಿ ಅದು ಸಾಧ್ಯವಾಗಬಹುದು. ರಕ್ತನಾಳಗಳು ಹಾಗಲ್ಲ, ಒಬ್ಬರಲ್ಲಿ ಇದ್ದಂತೆ ಇನ್ನೊಬ್ಬರಲ್ಲಿ ಇರುವುದಿಲ್ಲ. ಹೀಗಾಗಿ ಎಣಿಕೆ ಮತ್ತು ಹೋಲಿಕೆ ಇಲ್ಲದೆ ಅವುಗಳ ಸಾಮಾನ್ಯ ರೂಪ ಯಾವುದೆಂದು ಹೇಳುವುದೇ ಕಷ್ಟ.

ವಪೆಯನ್ನು ದಾಟಿ ಹೊಟ್ಟೆಯೊಳಗೆ ಇಳಿದ ಕೂಡಲೇ ಮಹಾಪಧಮನಿಯ ಮುಂಭಾಗದಿಂದ ಒಂದೆರಡು ಸೆಂಟಿಮೀಟರ್ ಉದ್ದದ ಗಿಡ್ಡ ಕಾಂಡವೊಂದು ಹೊರಡುತ್ತದೆ. ಇದೇ ಸೀಲಿಯಾಕ್ ಕಾಂಡ. ಸಾಮಾನ್ಯವಾಗಿ ಇದು ಮೂರು ಕವಲಾಗುತ್ತದೆ: ಜಠರದ ಮೇಲಂಚಿಗೆ ಹೋಗುವ ಎಡ ಜಠರ ಅಪಧಮನಿ, ಎಡಕ್ಕೆ ಬಳುಕುತ್ತ ಸಾಗುವ ಗುಲ್ಮದ ಅಪಧಮನಿ, ಬಲಕ್ಕೆ ತಿರುಗುವ ಸಾಮಾನ್ಯ ಯಕೃತ್ ಅಪಧಮನಿ. ಮೂರು ಕಾಲಿನ ಪೀಠದಂತೆ ಕಾಣುವ ಈ ಕವಲನ್ನು ಹಾಲರ್ 1756ರಲ್ಲಿ ವರ್ಣಿಸಿದನೆಂದು ಅಂಗರಚನಾ ಸಾಹಿತ್ಯದಲ್ಲಿ ನಮೂದಾಗಿದೆ.

ಶಸ್ತ್ರಚಿಕಿತ್ಸೆಯೊಂದಿಗಿನ ಸಂಬಂಧ

ಗಟ್ಟಿಂಗೆನ್‌ನಲ್ಲಿ ಶಸ್ತ್ರವೈದ್ಯದ ಪೀಠವೂ ಹಾಲರನದೇ. ಶವದ ಮೇಲೆ ಎಲ್ಲ ಶಸ್ತ್ರಕ್ರಿಯೆಗಳನ್ನೂ ವಿದ್ಯಾರ್ಥಿಗಳಿಗೆ ಮಾಡಿ ತೋರಿಸುತ್ತಿದ್ದ. ಜೀವವಿರುವ ದೇಹಕ್ಕೆ ಕತ್ತಿ ಹಾಕುವ ಧೈರ್ಯ ಮಾತ್ರ ಬರಲಿಲ್ಲ. ಎಲ್ಲಿ ಹಾನಿ ಮಾಡಿಬಿಡುವೆನೋ ಎಂಬ ಅಂಜಿಕೆ ತನ್ನನ್ನು ತಡೆಯಿತೆಂದು ವೃದ್ಧಾಪ್ಯದಲ್ಲಿ ಬರೆದ ಶಸ್ತ್ರವೈದ್ಯ ಗ್ರಂಥಸೂಚಿಯಲ್ಲಿ ಈತನೇ ಒಪ್ಪಿಕೊಂಡಿದ್ದಾನೆ. ಇದನ್ನು ಹೇಡಿತನವೆಂದು ತಳ್ಳಿಹಾಕುವಂತಿಲ್ಲ. ಅರಿವಳಿಕೆ ಬಂದದ್ದು 1846ರಲ್ಲಿ, ನಂಜುನಿರೋಧಕ ಕ್ರಮ 1867ರಲ್ಲಿ. ಹಾಲರನ ಕಾಲದಲ್ಲಿ ಹೊಟ್ಟೆಯನ್ನು ಬಗೆದವರು ಬದುಕುವುದೇ ಅಪರೂಪವಾಗಿತ್ತು. ಎಲ್ಲಿ ಯಾವ ನಾಳ ಅನಿರೀಕ್ಷಿತವಾಗಿ ಎದುರಾಗಬಹುದೆಂದು ಉಳಿದವರಿಗಿಂತ ಹೆಚ್ಚು ತಿಳಿದಿದ್ದವನಿಗೆ ಅಂಜಿಕೆಯೂ ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ.

ಈತನ ಚಿತ್ರಗಳು ಶಸ್ತ್ರವೈದ್ಯರ ಕೈಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದು ಶತಮಾನದ ಬಳಿಕ. 1881ರಲ್ಲಿ ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್ರೋತ್ ಜಠರದ ಕ್ಯಾನ್ಸರ್ ಭಾಗವನ್ನು ಕತ್ತರಿಸಿ ತೆಗೆದ; 1882ರಲ್ಲಿ ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಪಿತ್ತಕೋಶವನ್ನು ತೆಗೆದ. ಆ ಮೇಲೆ ಯಕೃತ್ತಿನ ಸುತ್ತಲಿನ ನಾಳಗಳ ವ್ಯತ್ಯಾಸ ಕೇವಲ ಕುತೂಹಲದ ಸಂಗತಿಯಾಗಿ ಉಳಿಯಲಿಲ್ಲ. ಜಪಾನಿನ ಆದಾಚಿ 1928ರಲ್ಲಿ 252 ಶವಗಳ ಅಧ್ಯಯನದಿಂದ ಸೀಲಿಯಾಕ್ ಕಾಂಡದ ಆರು ಬಗೆಗಳನ್ನು ಗುರುತಿಸಿದ. ಅಮೆರಿಕದ ನಿಕೊಲಾಸ್ ಮೈಕೆಲ್ಸ್ 200 ಶವಗಳನ್ನು ಪರೀಕ್ಷಿಸಿ 1955ರಲ್ಲಿ ಯಕೃತ್ ಅಪಧಮನಿಯ ಹತ್ತು ಬಗೆಗಳನ್ನು ಪಟ್ಟಿಮಾಡಿದ. ಪಠ್ಯಪುಸ್ತಕದ ಮಾದರಿ ಕಂಡುಬಂದದ್ದು ಅವುಗಳಲ್ಲಿ ನೂರಕ್ಕೆ 55ರಲ್ಲಿ ಮಾತ್ರ. ದಾನವಾಗಿ ಬಂದ 1,000 ಯಕೃತ್ತುಗಳನ್ನು ಆಧರಿಸಿ 1994ರಲ್ಲಿ ಹಯಾಟ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಲ್ಲಿ ಈ ಪ್ರಮಾಣ ಸುಮಾರು 76. ಎಣಿಸುವ ಕ್ರಮ ಬೇರೆಬೇರೆಯಾದ್ದರಿಂದ ಅಂಕಿಗಳೂ ಬೇರೆಯಾಗುತ್ತವೆ. ಏನೇ ಆದರೂ ನಾಲ್ವರಲ್ಲಿ ಒಬ್ಬರಾದರೂ ಪುಸ್ತಕದ ಚಿತ್ರಕ್ಕೆ ಹೊಂದುವುದಿಲ್ಲ.

ಇದರ ಪರಿಣಾಮ ಶಸ್ತ್ರಕ್ರಿಯೆಯ ಮೇಜಿನ ಮೇಲೆ ತಿಳಿಯುತ್ತದೆ. ಕೆಲವರಲ್ಲಿ ಯಕೃತ್ತಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳ ಎಡ ಜಠರ ಅಪಧಮನಿಯಿಂದ ಹೊರಡುತ್ತದೆ. ಇದನ್ನರಿಯದೆ ಜಠರದ ಶಸ್ತ್ರಚಿಕಿತ್ಸೆಯಲ್ಲಿ ಆ ಅಪಧಮನಿಯನ್ನು ಬುಡದಲ್ಲೇ ಕಟ್ಟಿಬಿಟ್ಟರೆ ಯಕೃತ್ತಿನ ಆ ಭಾಗ ರಕ್ತವಿಲ್ಲದೆ ಸಾಯಬಹುದು. ಇನ್ನು ಕೆಲವರಲ್ಲಿ ಬಲ ಯಕೃತ್ ಅಪಧಮನಿ ಸೀಲಿಯಾಕ್ ಕಾಂಡವನ್ನು ಬಿಟ್ಟು ಕೆಳಗಿನ ಕರುಳಿನ ಮೇಲಣ ಅಪಧಮನಿಯಿಂದ ಹುಟ್ಟಿ, ಮೇದೋಜೀರಕಾಂಗದ ತಲೆಯ ಹಿಂದಿನಿಂದ ಮೇಲೇರುತ್ತದೆ. ಮೇದೋಜೀರಕಾಂಗದ ತಲೆಯನ್ನು ತೆಗೆಯುವ ವಿಪ್ಪಲ್ ಶಸ್ತ್ರಚಿಕಿತ್ಸೆಯಲ್ಲಿ ಅದು ಕತ್ತಿಯ ಹಾದಿಗೇ ಸಿಗುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಬಲ ಯಕೃತ್ ಅಪಧಮನಿ ಕಂಬಳಿಹುಳುವಿನ ಬೆನ್ನಿನಂತೆ ಡುಬ್ಬಾಗಿ ಪಿತ್ತಕೋಶದ ನಾಳಕ್ಕೆ ತಾಗಿಕೊಂಡಿದ್ದರೆ ಅದನ್ನೇ ಪಿತ್ತಕೋಶದ ಅಪಧಮನಿಯೆಂದು ಭ್ರಮಿಸಿ ಕಟ್ಟುವ ಅಪಾಯವಿದೆ. ಯಕೃತ್ತನ್ನು ಕಸಿ ಮಾಡುವಾಗಲಂತೂ ದಾನಿಯ ಪ್ರತಿಯೊಂದು ನಾಳವನ್ನೂ ಗುರುತಿಸಿ ಉಳಿಸಿಕೊಂಡು ರೋಗಿಯ ನಾಳಕ್ಕೆ ಜೋಡಿಸಬೇಕು. ಮೂತ್ರಪಿಂಡ ದಾನದಲ್ಲೂ ಇಂಥದೇ ಕಷ್ಟವಿದೆ: ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದು ಪಕ್ಕದಲ್ಲಾದರೂ ಒಂದಕ್ಕಿಂತ ಹೆಚ್ಚು ಅಪಧಮನಿಗಳಿರುತ್ತವೆ. ಹೀಗಾಗಿ ಇಂದು ಇಂತಹ ಶಸ್ತ್ರಚಿಕಿತ್ಸೆಗಳ ಮೊದಲು ಸಿ.ಟಿ. ಸ್ಕ್ಯಾನ್ ಮೂಲಕ ರಕ್ತನಾಳಗಳ ನಕ್ಷೆಯನ್ನು ಪಡೆಯುವುದು ವಾಡಿಕೆಯಾಗಿದೆ.

ವ್ಯತ್ಯಾಸಗಳು ಏಕೆ ಉಂಟಾಗುತ್ತವೆ ಎಂಬುದಕ್ಕೆ ಹಾಲರನ ಬಳಿ ಉತ್ತರವಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ವಿಯೆನ್ನಾದ ಯೂಲಿಯುಸ್ ಟಾಂಡ್ಲರ್ ಇದನ್ನು ಭ್ರೂಣದ ಬೆಳವಣಿಗೆಯಿಂದ ವಿವರಿಸಿದ. ಭ್ರೂಣದಲ್ಲಿ ಮಹಾಪಧಮನಿಯ ಮುಂಭಾಗದಿಂದ ಸಾಲಾಗಿ ಹೊರಡುವ ಹಲವು ನಾಳಗಳನ್ನು ಉದ್ದುದ್ದವಾದ ನಾಳವೊಂದು ಕೂಡಿಸುತ್ತದೆ. ಬೆಳವಣಿಗೆಯಲ್ಲಿ ಅವುಗಳಲ್ಲಿ ಕೆಲವು ಅಳಿದು ಕೆಲವು ಉಳಿಯುತ್ತವೆ. ಅಳಿಯಬೇಕಾದದ್ದು ಉಳಿದರೆ, ಉಳಿಯಬೇಕಾದದ್ದು ಅಳಿದರೆ ಕವಲಿನ ರೂಪ ಬದಲಾಗುತ್ತದೆ.

ಶರೀರಕ್ರಿಯಾವಿಜ್ಞಾನ

ತನ್ನ ಕಾಲದಲ್ಲಿ ಹಾಲರನಿಗೆ ಹೆಚ್ಚಿನ ಕೀರ್ತಿ ತಂದದ್ದು ಅಪಧಮನಿಗಳಲ್ಲ, ಉದ್ರೇಕಶೀಲತೆಯ ಸಿದ್ಧಾಂತ. 1752ರಲ್ಲಿ ಗಟ್ಟಿಂಗೆನ್ ಸಂಘದ ಮುಂದೆ ಓದಿದ ಪ್ರಬಂಧದಲ್ಲಿ, ಮುಟ್ಟಿದಾಗ ಸಂಕೋಚಿಸುವ ಗುಣ ಸ್ನಾಯುಗಳದೆಂದೂ ನೋವನ್ನು ಅರಿಯುವ ಗುಣ ನರಗಳದೆಂದೂ ಬೇರ್ಪಡಿಸಿ ತೋರಿಸಿದ. ಇದಕ್ಕಾಗಿ 190 ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ್ದ. ಆ ಕ್ರೌರ್ಯ ತನಗೇ ಅಸಹ್ಯವಾಗಿತ್ತೆಂದೂ ಅದೇ ಪ್ರಬಂಧದಲ್ಲಿ ಹೇಳಿಕೊಂಡಿದ್ದಾನೆ. ಎಡಿನ್‌ಬರೋದ ರಾಬರ್ಟ್ ವಿಟ್ ಈ ಸಿದ್ಧಾಂತವನ್ನು ವಿರೋಧಿಸಿದ. ಮನುಷ್ಯನನ್ನು ಬರಿಯ ಯಂತ್ರವೆಂದು ಸಾರಿದ ಲಾ ಮೆಟ್ರಿ ತನ್ನ ಪುಸ್ತಕವನ್ನು ಹಾಲರನಿಗೇ ಅರ್ಪಿಸಿದಾಗ ದೈವಭಕ್ತನಾದ ಹಾಲರ್ ಬಹಳ ನೊಂದುಕೊಂಡ. ಭ್ರೂಣದ ಎಲ್ಲ ಅಂಗಗಳೂ ಮೊದಲೇ ರೂಪುಗೊಂಡಿರುತ್ತವೆ ಎಂಬ ಈತನ ವಾದವನ್ನು ತರುಣ ಕಾಸ್ಪರ್ ಫ್ರೀಡ್ರಿಕ್ ವುಲ್ಫ್ ಪ್ರಶ್ನಿಸಿದ. ಆ ಚರ್ಚೆಯಲ್ಲಿ ಕಾಲ ವುಲ್ಫ್‌ನ ಪಕ್ಷವನ್ನು ಹಿಡಿಯಿತು.

1757ರಿಂದ 1766ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಎಲಿಮೆಂಟಾ ಫಿಸಿಯಾಲಜಿಯೇ ಕಾರ್ಪೊರಿಸ್ ಹ್ಯುಮಾನಿ ಅಲ್ಲಿಯವರೆಗಿನ ಶರೀರಕ್ರಿಯಾ ಜ್ಞಾನವನ್ನೆಲ್ಲ ಒಂದೆಡೆ ತಂದ ಬೃಹತ್ ಗ್ರಂಥ.

ಬರ್ನ್‌ಗೆ ಮರಳಿಕೆ ಮತ್ತು ಕೊನೆಯ ದಿನಗಳು

ಕೀರ್ತಿಯ ಶಿಖರದಲ್ಲಿದ್ದಾಗ, 1753ರಲ್ಲಿ, ಹಾಲರ್ ಗಟ್ಟಿಂಗೆನ್ ಬಿಟ್ಟು ಬರ್ನ್‌ನ ಪುರಭವನದ ಮೇಲ್ವಿಚಾರಕನ ಹುದ್ದೆಗೆ ಬಂದ. ಯೂರೋಪಿನ ವಿದ್ವಾಂಸರಿಗೆ ಇದು ವಿಚಿತ್ರವಾಗಿ ಕಂಡಿತು. ತವರೂರಿನ ಸೆಳೆತದ ಜೊತೆಗೆ ಆಡಳಿತ ವರ್ಗದಲ್ಲಿ ಮೇಲೇರುವ ಆಸೆಯೂ ಈತನಿಗಿತ್ತು. ಆ ಆಸೆ ಪೂರ್ತಿಯಾಗಿ ಕೈಗೂಡಲಿಲ್ಲ. ಬರ್ನ್‌ನ ಅಧಿಕಾರವೆಲ್ಲ ಕೇಂದ್ರೀಕೃತವಾಗಿದ್ದ ಕಿರಿಯ ಮಂಡಲಿಗೆ ಈತ ಆಯ್ಕೆಯಾಗಲೇ ಇಲ್ಲ. 1758ರಿಂದ 1764ರವರೆಗೆ ರೋಶ್ ಎಂಬಲ್ಲಿ ಉಪ್ಪಿನ ಕಾರ್ಖಾನೆಯ ನಿರ್ದೇಶಕನಾಗಿದ್ದ. ಊಸೊಂಗ್, ಆಲ್ಫ್ರೆಡ್ ಮೊದಲಾದ ರಾಜಕೀಯ ಕಾದಂಬರಿಗಳನ್ನೂ, ಸಸ್ಯವಿಜ್ಞಾನ, ಅಂಗರಚನೆ, ಶಸ್ತ್ರವೈದ್ಯ, ವೈದ್ಯವೃತ್ತಿಗಳ ಗ್ರಂಥಸೂಚಿಗಳನ್ನೂ ಬರೆದದ್ದು ಈ ಅವಧಿಯ ಕೊನೆಯ ವರ್ಷಗಳಲ್ಲಿ.

ಮೂತ್ರಾಂಗದ ಸೋಂಕಿನ ನೋವನ್ನು ತಾಳಲಾರದೆ ಅಫೀಮು ಸೇವಿಸತೊಡಗಿ ಅದಕ್ಕೆ ದಾಸನಾದ. ಅದನ್ನು ಬಚ್ಚಿಡದೆ ತನ್ನ ದೇಹದ ಮೇಲೆ ಅಫೀಮಿನ ಪರಿಣಾಮಗಳೇನೆಂದು ಬರೆದು ಗಟ್ಟಿಂಗೆನ್ ಸಂಘಕ್ಕೆ ಕಳುಹಿಸಿದ. 1777ರ ಬೇಸಗೆಯಲ್ಲಿ ಚಕ್ರವರ್ತಿ 2ನೇ ಜೋಸೆಫ್ ಬರ್ನ್‌ಗೆ ಬಂದಾಗ ಹಾಲರನನ್ನು ಮನೆಗೇ ಬಂದು ಕಂಡ. ಅದೇ ವರ್ಷ ಡಿಸೆಂಬರ್ 12ರಂದು ಹಾಲರ್ ನಿಧನನಾದ. ಸಾಯುವ ಗಳಿಗೆಯಲ್ಲೂ ತನ್ನ ಕೈಯ ನಾಡಿಯನ್ನು ತಾನೇ ಹಿಡಿದು, ಮಿಡಿತ ನಿಂತಿತೆಂದು ಪಕ್ಕದಲ್ಲಿದ್ದ ವೈದ್ಯನಿಗೆ ತಿಳಿಸಿದನೆಂಬ ಕಥೆ ಪ್ರಚಾರದಲ್ಲಿದೆ. ಅದು ದಂತಕಥೆಯಾಗಿರುವ ಸಂಭವವೇ ಹೆಚ್ಚು.

ಹೆಸರು ಮತ್ತು ಸ್ಮಾರಕಗಳು

ಸೀಲಿಯಾಕ್ ಕವಲಲ್ಲದೆ ದೇಹದ ಇನ್ನೂ ಹಲವು ಭಾಗಗಳಿಗೆ ಹಾಲರನ ಹೆಸರಿದೆ: ಕಣ್ಣಿನ ನರದ ಸುತ್ತಲಿನ ಅಪಧಮನಿಗಳ ವರ್ತುಲ, ಕಣ್ಣಿನ ರಕ್ತನಾಳಮಯ ಪೊರೆಯ ಹೊರಪದರ, ವೃಷಣದ ನಾಳಜಾಲ, ಮೂಗಿನ ಪಕ್ಕದಲ್ಲಿ ಕಣ್ಣುಗುಳಿಯ ಕೆಳಗಿರುವ ಗಾಳಿಕೋಶಗಳು. ಸಸ್ಯಗಳ ನಾಮಕರಣದ ವಿಷಯದಲ್ಲಿ ಹಾಲರನೊಡನೆ ಭಿನ್ನಾಭಿಪ್ರಾಯವಿದ್ದರೂ ಲಿನೇಯಸ್ ಒಂದು ಸಸ್ಯಕುಲಕ್ಕೆ ಹಾಲೆರಿಯಾ ಎಂದು ಹೆಸರಿಟ್ಟ. ಸ್ವಿಟ್ಜರ್ಲೆಂಡಿನ ಆರನೆಯ ಸರಣಿಯ 500 ಫ್ರಾಂಕ್ ನೋಟಿನ ಮೇಲೆ ಈತನ ಚಿತ್ರವಿತ್ತು. ಆ ಸರಣಿಯನ್ನು 2000ದಲ್ಲಿ ಹಿಂದಕ್ಕೆ ಪಡೆಯಲಾಯಿತು.

ಹಾಲರನ ಗ್ರಂಥಸಂಗ್ರಹವನ್ನು ಮರಣಾನಂತರ ಚಕ್ರವರ್ತಿ 2ನೇ ಜೋಸೆಫ್ ಕೊಂಡು ಆಗ ತನ್ನ ಆಳ್ವಿಕೆಯಲ್ಲಿದ್ದ ಉತ್ತರ ಇಟಲಿಯ ಗ್ರಂಥಾಲಯಗಳಿಗೆ ಕೊಟ್ಟ. ಅದರ ದೊಡ್ಡ ಪಾಲು ಮಿಲಾನಿನ ಬ್ರೆರಾ ಗ್ರಂಥಾಲಯದಲ್ಲಿದೆ. ಈತ ಬರೆದ ಮತ್ತು ಈತನಿಗೆ ಬಂದ ಪತ್ರಗಳಲ್ಲಿ ಸುಮಾರು 17,000 ಉಳಿದಿವೆ. ಸುಮಾರು 1,200 ಜನರೊಡನೆ ನಡೆದ ಈ ಪತ್ರವ್ಯವಹಾರದ ಬಹುಭಾಗ ಬರ್ನ್‌ನಲ್ಲಿದೆ.